ಅರಿಶಿನ ಮೇಲೆ, ಕುಂಕುಮ ಕೆಳಗೆ

ನಾಲ್ಕನೆಯ ತರಗತಿಯ ನನ್ನ ಮಗನಿಗೆ ದೀಪಾವಳಿ ರಜೆಯ ಹೋಂವರ್ಕಾಗಿ ‘ನನ್ನ ನಗರದ ಧ್ವಜ’ವನ್ನು ಬರೆದುಕೊಂಡು ಬರಲು ಹೇಳಿದ್ದರಿಂದ, ಮುಂಬಯಿಯ ಗೋರೆಗಾಂವ್‌ನ ನಮ್ಮ ಮನೆಯಲ್ಲಿ ಚಕ್ಕುಲಿಗಿಂತ ಧ್ವಜದ ಚಿಂತೆಯೇ ಹೆಚ್ಚಾಯಿತು. ನಮ್ಮ ದೇಶದ ನಗರಗಳಿಗೆ ಸ್ವಂತ ಧ್ವಜವಿಟ್ಟುಕೊಳ್ಳುವ ರೂಢಿಯಿಲ್ಲವೆಂಬುದು ಟೀಚರಿಗೆ ಹೊಳೆದಿರಲಿಲ್ಲ; ಅಪ್ಪನಿಗೂ ಗೊತ್ತಿಲ್ಲದ್ದು ಇರಬಹುದೆಂಬುದು ಮಗನಿಗೆ ಹೊಳೆದಿರಲಿಲ್ಲ.

ಶಿಕಾಗೋದಲ್ಲಿರುವ ಅಕ್ಕನ ಮಗನನ್ನು ಕೇಳಿದೆ. ಅವನ ಊರಿನ ಧ್ವಜದಲ್ಲಿ ಎರಡು ತಿಳಿನೀಲಿ ಪಟ್ಟಿಗಳೂ ನಡುವೆ ನಾಲ್ಕು ಕೆಂಪು ನಕ್ಷತ್ರಗಳೂ ಇದ್ದು, ಅವುಗಳಲ್ಲೊಂದು 1871ರಲ್ಲಿ ಊರು ಹೊತ್ತಿ ಉರಿದದ್ದರ ನೆನಪಿಗಂತೆ. ಜನ ಅದನ್ನು ಮೈಮೇಲೆ ಹಚ್ಚೆಯಾಗಿಯೂ ಹಾಕಿಸಿಕೊಳ್ಳುತ್ತಾರಂತೆ. ಆಪತ್ತಿಗೊಂದು ನಕ್ಷತ್ರವೆಂಬ ಲೆಕ್ಕ ಹಿಡಿದರೆ, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿಲಿಮೀಟರ್ ಮಳೆಗಾಗಿ ಮುಂಬಯಿ ನಕ್ಷತ್ರವನ್ನಲ್ಲ, ಕೊಡೆಯನ್ನೇ ಬಿಡಿಸಿಕೊಳ್ಳಬೇಕಾದೀತು. ನಮಗಿರುವುದು ಪಾಲಿಕೆಯ ಲಾಂಛನವೊಂದೇ. ‘ಯತೋ ಧರ್ಮಸ್ತತೋ ಜಯಃ’ ಎಂಬ ಮಹಾಭಾರತದ ಮಾತು ಅದರಲ್ಲಿದೆ. ನಾವು ಅದನ್ನು ದಿನವೂ ಓದುವುದು ಕಸದ ಲಾರಿಯ ಮೇಲೆ, ಮೂಗು ಮುಚ್ಚಿಕೊಂಡು.

ಅಷ್ಟರಲ್ಲಿ ನವೆಂಬರ್ 1 ಬಂತು. ನಮ್ಮ ಸೊಸೈಟಿಯ ಏಳೆಂಟು ಕನ್ನಡದ ಮನೆಗಳು ಸೇರಿ ಅಂದು ಬಾವುಟ ಹಾರಿಸುವುದಕ್ಕೆ ನನ್ನ ಅಜ್ಜನ ಹಟವೇ ಮೂಲ. ಅವರು ಧಾರವಾಡ ಬಿಟ್ಟು ಇಲ್ಲಿಗೆ ಬಂದ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳೆಲ್ಲ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆದ್ದರಿಂದ ಅವರು ಪರಸ್ಥಳಕ್ಕಲ್ಲ, ತಮ್ಮದೇ ರಾಜಧಾನಿಗೆ ಬಂದಿದ್ದರು. 1956ರ ನವೆಂಬರ್ 1ರಂದು, ಬೆಳಗಾವಿಯ ಚಂದಗಡ ತಾಲ್ಲೂಕೊಂದನ್ನು ಬಿಟ್ಟು, ಆ ನಾಲ್ಕೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಪರಳದ ಚಾಳಿನಲ್ಲಿ ಚಹಾ ಕುಡಿಯುತ್ತಿದ್ದ ಅಜ್ಜ ಕೂತಲ್ಲೇ ಹೊರನಾಡ ಕನ್ನಡಿಗರಾದರು. ಮುಂದೆ 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಅರಿಶಿನ-ಕುಂಕುಮದ ಬಾವುಟ ಬಂದದ್ದೇ ತಡ, ಅಜ್ಜ ಒಂದನ್ನು ತರಿಸಿ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆಗೆ ಇಟ್ಟುಕೊಂಡರು.

ಈ ಸಲ ಬಾವುಟ ಕಟ್ಟುವ ಹೊಣೆ ನನ್ನದಾಗಿತ್ತು. ಹಿಂದಿನ ರಾತ್ರಿ ಮೀಟರ್ ಕೋಣೆಯ ಮಂದ ಬೆಳಕಿನಲ್ಲಿ, ಚೆಂಡುಹೂವಿನ ಎಸಳುಗಳನ್ನು ಒಳಗಿಟ್ಟು ಮಡಿಚಿ, ಜಾರುಗಂಟು ಹಾಕಿದ್ದೇನೆಂದೇ ನಾನು ನಂಬಿದ್ದೆ, ಬಿದ್ದದ್ದು ಬ್ರಹ್ಮಗಂಟು. ಬೆಳಗ್ಗೆ ಹಿರಿಯರೊಬ್ಬರು ಹಗ್ಗ ಎಳೆದರು. ಬಾವುಟದ ಗಂಟು ಕಂಬದ ತುದಿಯಲ್ಲಿ ಮುನಿಸಿಕೊಂಡ ಅಳಿಯನಂತೆ ಕೂತುಬಿಟ್ಟಿತು. ನಾಡಗೀತೆಯನ್ನು ಎರಡು ಸಲ ಹಾಡಿ ಮುಗಿಸಿದರೂ ಅದು ಬಿಚ್ಚಲಿಲ್ಲ. ಕೊನೆಗೆ ವಾಚ್‌ಮನ್ ಸ್ಟೂಲ್ ಹತ್ತಿ ಬಟ್ಟೆ ಒಣಹಾಕುವ ಗಳುವಿನಿಂದ ತಿವಿದಾಗ ಎಸಳುಗಳೆಲ್ಲ ಅವನ ತಲೆಯ ಮೇಲೆ ಸುರಿದವು, ಬಾವುಟ ಹಾರಿತು. ಚಪ್ಪಾಳೆ ತಟ್ಟಿದೆವು, ಫೋಟೋ ತೆಗೆದೆವು, ಹುಬ್ಬಳ್ಳಿಯಿಂದ ಶಿಕಾಗೋವರೆಗೆ ಕಳಿಸಿದೆವು.

ಆಗ ಎರಡನೆಯ ಮಹಡಿಯ ಬಾಲ್ಕನಿಯಿಂದ ಮರಾಠಿ ಕಾಕೂ ಕೂಗಿದರು: “ಅಹೋ, ಆಜ್ ಹಳದೀ-ಕುಂಕೂ ಆಹೇ ಕಾ?” ಸಂಕ್ರಾಂತಿಗೆ ಇನ್ನೂ ಎರಡು ತಿಂಗಳಿರುವಾಗ ಮುತ್ತೈದೆಯರನ್ನು ಕರೆಯುವ ಹಳದೀ-ಕುಂಕೂ ಎಲ್ಲಿಂದ ಬಂತೆಂದು ಅವರಿಗೆ ಅಚ್ಚರಿ. ಇದು ನಮ್ಮ ನಾಡಿನ ಬಾವುಟವೆಂದೂ ಬಣ್ಣಗಳು ಮಾತ್ರ ಅವೇ ಎಂದೂ ನಾನು ಹೆಮ್ಮೆಯಿಂದ ವಿವರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿ, “ಮಗ್ ಉಲ್ಟಾ ಕಾ? ಆಧೀ ಹಳದ್, ಮಗ್ ಕುಂಕೂ!” ಎಂದರು.

ಎಲ್ಲರೂ ತಲೆಯೆತ್ತಿದೆವು. ಕುಂಕುಮ ಮೇಲಿತ್ತು, ಅರಿಶಿನ ಕೆಳಗಿತ್ತು. ಕರ್ನಾಟಕ ಸರ್ಕಾರ 2018ರಲ್ಲಿ ಮುಂದಿಟ್ಟ, ನಡುವೆ ಗಂಡಭೇರುಂಡವಿರುವ ಮೂರು ಬಣ್ಣದ ಬಾವುಟವಾಗಿದ್ದರೆ ಹಕ್ಕಿ ತಲೆಕೆಳಗಾದದ್ದಾದರೂ ನಮ್ಮ ಕಣ್ಣಿಗೆ ಬೀಳುತ್ತಿತ್ತೇನೋ. ಹುಟ್ಟಿದಂದಿನಿಂದ ‘ಅರಿಶಿನ-ಕುಂಕುಮ’ ಎಂದೇ ಹೇಳುತ್ತ ಬಂದ ಹದಿನೈದು ಕನ್ನಡಿಗರಿಗೆ ಆ ಕ್ರಮವನ್ನು ಮರಾಠಿಯಲ್ಲಿ ನೆನಪಿಸಬೇಕಾಗಿ ಬಂತು. ಇಳಿಸಿ, ತಿರುಗಿಸಿ, ಮತ್ತೆ ಹಾರಿಸಿದೆವು. ಈ ಸಲ ಗಂಟನ್ನು ಕಾಕೂ ಅವರೇ ಬಂದು ಹಾಕಿದರು.

ಈ ಗದ್ದಲದಲ್ಲಿ ಕಟ್ಟೆಯ ಮೇಲೆ ಕೂತಿದ್ದ ಮಗ ತನ್ನ ಚಿತ್ರವನ್ನು ಆಗಲೇ ಮುಗಿಸಿದ್ದನೆಂಬುದು ಶಾಲೆಯಿಂದ ಪುಸ್ತಕ ಮರಳಿದಾಗಲೇ ನನಗೆ ತಿಳಿದದ್ದು. ಮೇಲೆ ಕೆಂಪು, ಕೆಳಗೆ ಹಳದಿ, ನಡುವೆ ಕಸದ ಲಾರಿಯಿಂದ ಕಂಠಪಾಠ ಮಾಡಿಕೊಂಡಿದ್ದ ‘ಯತೋ ಧರ್ಮಸ್ತತೋ ಜಯಃ’, ಅಡಿಯಲ್ಲಿ ‘ಮುಂಬಯಿಯ ಧ್ವಜ’ ಎಂಬ ಬರಹ. ಹತ್ತಕ್ಕೆ ಒಂಬತ್ತು ಅಂಕ ಸಿಕ್ಕಿತ್ತು. ಒಂದನ್ನು ಕಳೆದದ್ದೇಕೆಂದು ನೋಡಿದರೆ, ಬಣ್ಣ ಗೆರೆ ದಾಟಿದೆ ಎಂದು ಬರೆದಿದ್ದರು.