ಈಮಾನ್ ಮತ್ತು ಸತ್ಕರ್ಮ: ಲೇಖನಕ್ಕೊಂದು ಆಕ್ಷೇಪ

ಇಸ್ಲಾಮಿನಲ್ಲಿ ಈಮಾನ್, ಅಂದರೆ ವಿಶ್ವಾಸ, ಒಂದಿದ್ದರೆ ಸಾಕು, ಸತ್ಕರ್ಮವು ಅದಕ್ಕೆ ಅಲಂಕಾರ ಮಾತ್ರ ಎಂಬ ಲೇಖನದ ನಿಲುವನ್ನು ಒಪ್ಪುವುದು ಕಷ್ಟ. ಕುರ್‌ಆನ್ ಈ ಎರಡನ್ನೂ ಮತ್ತೆ ಮತ್ತೆ ಜೊತೆಯಾಗಿಯೇ ಹೇಳುತ್ತದೆ. ಅದರ 107ನೆಯ ಅಧ್ಯಾಯವಾದ ಅಲ್ ಮಾಊನ್, ಅನಾಥನನ್ನು ದಬ್ಬುವವನನ್ನೂ ಬಡವನಿಗೆ ಉಣಿಸಲು ಪ್ರೇರೇಪಿಸದವನನ್ನೂ ಅಂತಿಮ ತೀರ್ಪನ್ನೇ ಅಲ್ಲಗಳೆಯುವವನೆಂದು ಗುರುತಿಸಿ, ತೋರಿಕೆಗೆ ನಮಾಝ್ ಮಾಡುತ್ತ ಸಣ್ಣಪುಟ್ಟ ಉಪಕಾರಕ್ಕೂ ಕೈ ಹಿಂದೆಗೆಯುವವರನ್ನು ಖಂಡಿಸುತ್ತದೆ. ಹಾಗೆಂದು, ಘೋರ ಪಾಪ ಮಾಡಿದವನು ಮುಸ್ಲಿಮನೇ ಅಲ್ಲವೆಂದ ಖವಾರಿಜರ (ಇಸ್ಲಾಮಿನ ಆರಂಭಕಾಲದ ಒಂದು ಉಗ್ರ ಪಂಥದವರ) ವಾದವನ್ನು ಸುನ್ನಿ ವಿದ್ವಾಂಸರು ಒಪ್ಪಲಿಲ್ಲ. ಕರ್ಮವು ವಿಶ್ವಾಸದ ವ್ಯಾಖ್ಯೆಯೊಳಗೆ ಸೇರದು ಎಂದ ಇಮಾಮ್ ಅಬೂ ಹನೀಫಾ (ನಿಧನ 767) ಅವರೂ ಕರ್ಮದ ಕಡ್ಡಾಯವನ್ನು ಸಡಿಲಿಸಿದವರಲ್ಲ. ಇಮಾಮ್ ಅಹ್ಮದ್ ಇಬ್ನ್ ಹಂಬಲ್ (ನಿಧನ 855) ಅವರಾದರೋ, ವಿಶ್ವಾಸವು ಸತ್ಕರ್ಮದಿಂದ ಹೆಚ್ಚುತ್ತದೆ, ಪಾಪದಿಂದ ಕುಗ್ಗುತ್ತದೆ ಎಂದೇ ಪ್ರತಿಪಾದಿಸಿದರು. ಲೇಖಕರು ಅಬೂ ಹನೀಫಾ ಅವರ ಅರ್ಧ ಮಾತನ್ನಷ್ಟೇ ಹಿಡಿದುಕೊಂಡಂತೆ ತೋರುತ್ತದೆ.