ಬ್ಯಾಟರಿ ಖಾಲಿ ಸಾರ್

ಪೊಲೀಸರ ಎದೆಗೆ ಕ್ಯಾಮೆರಾ ಸಿಕ್ಕಿಸಿದರೆ ಜನರಿಗೆ ಇಲಾಖೆಯ ಮೇಲೆ ನಂಬಿಕೆ ಬರುತ್ತದಂತೆ. ಬರಲಿ ಸ್ವಾಮಿ, ಬೇಡ ಅಂದವರು ಯಾರು? ‘ಏಯ್, ಸೈಡಿಗೆ ಹಾಕೋ’ ಎನ್ನುತ್ತಿದ್ದ ಬಾಯಲ್ಲಿ ‘ನಮಸ್ಕಾರ ಸರ್, ಸ್ವಲ್ಪ ಡಿಎಲ್ ತೋರಿಸ್ತೀರಾ’ ಎಂದು ಕೇಳಿಸಿಕೊಳ್ಳುವುದಕ್ಕೂ ಪುಣ್ಯ ಮಾಡಿರಬೇಕು. ಅಸಲಿ ವ್ಯವಹಾರ ಮಾತ್ರ ಮರದ ಹಿಂದೆ. ಅಷ್ಟು ಹೊತ್ತಿಗೆ ಸರಿಯಾಗಿ ಬ್ಯಾಟರಿ ಖಾಲಿ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಈಗಿನ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕುಡಿಯುತ್ತದೆ; ಕೊರಳಿನ ಕ್ಯಾಮೆರಾ ಕಣ್ಣು ಮುಚ್ಚಿಕೊಳ್ಳುತ್ತದೆ.

ಇದು ನಮ್ಮದೇ ಆವಿಷ್ಕಾರ ಅಂತ ಬೀಗಬೇಡಿ. 2017ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಪೊಲೀಸಪ್ಪನೊಬ್ಬ ಕಸದ ನಡುವೆ ಡ್ರಗ್ಸ್ ಇಟ್ಟ, ರಸ್ತೆಗೆ ಬಂದ, ಎದೆಯ ಗುಂಡಿ ಒತ್ತಿದ, ‘ಒಂದ್ಸಲ ನೋಡಿ ಬರ್ತೀನಿ’ ಎಂದು ವಾಪಸ್ ಹೋಗಿ ಮಹಾ ಪತ್ತೆದಾರನ ಗತ್ತಿನಲ್ಲಿ ಅದನ್ನೇ ಹೆಕ್ಕಿ ತೆಗೆದ. ಗುಂಡಿ ಒತ್ತುವ ಹಿಂದಿನ 30 ಸೆಕೆಂಡನ್ನೂ ಆ ಯಂತ್ರ ಸದ್ದಿಲ್ಲದೆ ಉಳಿಸಿಟ್ಟುಕೊಳ್ಳುತ್ತದೆ ಅಂತ ಪಾಪ ಯಾರೂ ಹೇಳಿರಲಿಲ್ಲ. ಮೊದಲೇ ಸಿಕ್ಕಿತ್ತು, ಕ್ಯಾಮೆರಾಗಾಗಿ ಮತ್ತೆ ಮಾಡಿ ತೋರಿಸಿದೆ ಅಂತ ಅವನ ವಾದ. ರೀಟೇಕು! ಕೋರ್ಟು ಒಪ್ಪಲಿಲ್ಲ.

ನಮ್ಮಲ್ಲಿ ಅಂಥ ಪೆದ್ದರಿಲ್ಲ; ಕ್ಯಾಮೆರಾ ಹಾಕಿಸಿದರೆ ತಾನೇ ಸಿಕ್ಕಿಬೀಳುವುದು? ಠಾಣೆಯ ಗೇಟು, ಲಾಕಪ್ಪು, ಕಾರಿಡಾರು ಎಲ್ಲ ಕಡೆ ಸಿಸಿಟಿವಿ ಹಾಕಿ, ಮಾತೂ ಕೇಳಿಸಬೇಕು, ರಾತ್ರಿಯೂ ಕಾಣಿಸಬೇಕು, 18 ತಿಂಗಳು ದೃಶ್ಯ ಉಳಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿತ್ತು. 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಏಳೆಂಟು ತಿಂಗಳಲ್ಲಿ ಪೊಲೀಸ್ ವಶದಲ್ಲಿ 11 ಮಂದಿ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಅದೇ ಕೋರ್ಟು ತಾನಾಗಿಯೇ ಮತ್ತೆ ಕೇಸು ಹಾಕಿಕೊಳ್ಳಬೇಕಾಯಿತು. ಐದು ವರ್ಷ! ಅಷ್ಟರಲ್ಲಿ ನಮ್ಮೂರ ಬೇಕರಿಗಳೆಲ್ಲ ಕ್ಯಾಮೆರಾ ಹಾಕಿಸಿಕೊಂಡವು, ಒಂದು ಖಾರಾ ಬನ್ ಕದ್ದರೂ ಸಾಕ್ಷಿ ಸಿಗುತ್ತದೆ.

ಕ್ಯಾಮೆರಾ ಇದ್ದರೂ ಏನು ಮಾಡಬಹುದು ಅನ್ನುವುದಕ್ಕೆ ಪಕ್ಕದ ತಮಿಳುನಾಡಿನ ಸಾತಾನ್‌ಕುಳಂ ಇದೆ. 2020ರ ಜೂನ್. ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿಟ್ಟಿದ್ದರು ಎಂಬ ಆರೋಪಕ್ಕೆ ಅಪ್ಪ, ಮಗ ಇಬ್ಬರೂ ಹೆಣವಾದರು. ಠಾಣೆಯಲ್ಲಿ ಕ್ಯಾಮೆರಾ ಇತ್ತು. ಹಾರ್ಡ್ ಡಿಸ್ಕ್ 1 ಟಿಬಿ, ಜಾಗ ಬೇಕಾದಷ್ಟಿತ್ತು. ಆದರೆ ದಿನದ ದೃಶ್ಯ ದಿನವೇ ತಾನಾಗಿ ಅಳಿಸಿಹೋಗುವಂತೆ ಸೆಟ್ಟಿಂಗ್ ಮಾಡಿಟ್ಟಿದ್ದರು ಎಂದು ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರೇ ವರದಿ ಬರೆದರು. ಇದಕ್ಕೆ ತಾಂತ್ರಿಕ ದೋಷ ಅಂತ ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ.

ರಾತ್ರಿಯಿಡೀ ಹೊಡೆದರು, ಲಾಠಿಗೆ, ಮೇಜಿಗೆ ರಕ್ತ ಹತ್ತಿತ್ತು ಎಂದು ಹೇಳಿದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಹೇಳಿಕೆಗೆ ಸಹಿ ಹಾಕಲು ಆಕೆಗೇ ಹೆದರಿಕೆ. ಕೊನೆಗೆ ಆಕೆಗೂ ಮನೆಯವರಿಗೂ ರಕ್ಷಣೆ ಕೊಡಿ ಎಂದು ಮದ್ರಾಸ್ ಹೈಕೋರ್ಟ್ ಹೇಳಬೇಕಾಯಿತು. ಪೊಲೀಸರಿಂದ ಪೊಲೀಸಮ್ಮನಿಗೆ ರಕ್ಷಣೆ. ಕಾವಲಿಗೆ ಇನ್ಯಾರು ಬರುತ್ತಾರೆ, ಪೊಲೀಸರೇ.