ಈ ಫೋಟೋಗಳ ಸಾಲಿನಲ್ಲಿ ಪಪುವಾದ ಓಯಿಂಬಾರಿಯವರೂ ಇರಬೇಕು

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಿಂದ ಅಫ್ಘಾನಿಸ್ತಾನದವರೆಗೆ ಆಸ್ಟ್ರೇಲಿಯಾ ಸೈನಿಕರ ಫೋಟೋಗಳನ್ನು ಒಂದೇ ಕಡೆ ತೋರಿಸಿದ ನಿಮ್ಮ ಫೋಟೋ ಸರಣಿಗೆ ಥ್ಯಾಂಕ್ಸ್. ಫೋಟೋಗ್ರಾಫರ್ ಫ್ರಾಂಕ್ ಹರ್ಲಿ ಮೊದಲ ಮಹಾಯುದ್ಧದ ಹೊತ್ತಲ್ಲಿ, 1917ರಲ್ಲಿ, ಬೆಲ್ಜಿಯಂನಲ್ಲಿ ತೆಗೆದ ಚಿತ್ರದ ಮುಂದೆ ತುಂಬಾ ಹೊತ್ತು ಕೂತುಬಿಟ್ಟೆ. ಬೋಳು ಮರಗಳು, ಕೆಸರು, ನಿಂತ ನೀರು, ನಡುವೆ ಹಲಗೆ ದಾರಿಯಲ್ಲಿ ಐದು ಜನ. ಯುದ್ಧ ಅಂದ್ರೆ ಇದೇ ಅಲ್ವಾ?

ಆದರೆ ನನ್ನ ಮನಸ್ಸಲ್ಲಿ ಉಳಿದಿರುವ ಫೋಟೋ ಇಲ್ಲಿಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರ ಕ್ರಿಸ್‌ಮಸ್ ದಿನ, ನ್ಯೂಗಿನಿ ದ್ವೀಪದ ಬುನಾ ಹತ್ತಿರ ಫೋಟೋಗ್ರಾಫರ್ ಜಾರ್ಜ್ ಸಿಲ್ಕ್ ತೆಗೆದದ್ದು. ಕಣ್ಣಿಗೆ ಬ್ಯಾಂಡೇಜ್ ಸುತ್ತಿದ ಆಸ್ಟ್ರೇಲಿಯಾ ಸೈನಿಕ ಜಾರ್ಜ್ ವಿಟಿಂಗ್ಟನ್, ಕೈಯಲ್ಲಿ ಉದ್ದನೆ ಕೋಲು. ಪಕ್ಕದಲ್ಲಿ ತೋಳು ಹಿಡಿದು ಮೆಲ್ಲಗೆ ನಡೆಸುತ್ತಿರುವ, ಅಲ್ಲಿನ ಸ್ಥಳೀಯರಾದ ಪಪುವಾದ ರಫೇಲ್ ಓಯಿಂಬಾರಿ. ಆ ಗಾಯದಿಂದ ವಿಟಿಂಗ್ಟನ್ ಸಾಯಲಿಲ್ಲ. ಕೆಲವೇ ವಾರಗಳಲ್ಲಿ ಸ್ಕ್ರಬ್ ಟೈಫಸ್ ಜ್ವರಕ್ಕೆ ತೀರಿಕೊಂಡರು. ಗಾಯಾಳುಗಳನ್ನು ಹೊತ್ತು ಬೆಟ್ಟ ಇಳಿಸಿದ ಪಪುವಾದವರನ್ನು ಬಿಟ್ಟರೆ ಈ ಕಥೆ ಅರ್ಧವೇ. ದಯವಿಟ್ಟು ಆ ಫೋಟೋ ಸೇರಿಸಿ.